ಎರಡು ದೇವಸ್ಥಾನ, ಒಂದು ಮಸೀದಿ, ಒಂದು ಚರ್ಚ್ ಇರೋ ಬಡಾವಣೆ: ಮೈಕಿನ ನಿಯಮ ನಿಜಕ್ಕೂ ಏನು ಹೇಳುತ್ತೆ?

ಬಡಾವಣೆ ಕಾರ್ಯದರ್ಶಿ, ಬೆಂಗಳೂರು
ಮುನ್ನೂರು ಮೀಟರ್ ಒಳಗೆ ಎರಡು ದೇವಸ್ಥಾನ, ಒಂದು ಮಸೀದಿ, ಒಂದು ಚರ್ಚ್. ಬೆಳಗಿನ ಜಾವದ ಸುಪ್ರಭಾತ, ಆಜಾನ್, ಭಾನುವಾರದ ಪ್ರಾರ್ಥನೆ, ಗಣೇಶನ ಮೆರವಣಿಗೆಯ ಡಿಜೆ, ಎಲ್ಲದರ ಮೇಲೂ ದೂರುಗಳಿವೆ. ನಾಲ್ಕೂ ಆಡಳಿತ ಸಮಿತಿಗಳನ್ನ ಒಟ್ಟಿಗೆ ಕೂರಿಸಿ ಮಾತಾಡೋದು ಅಂತ ಸಂಘ ತೀರ್ಮಾನ ಮಾಡಿದೆ. ಅದಕ್ಕೆ ಮುಂಚೆ ಮೂರು ವಿಷಯ ಖಚಿತವಾಗಿ ಬೇಕು.
ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮೈಕು ಪೂರ್ತಿ ನಿಷಿದ್ಧವೋ, ಕಮ್ಮಿ ಸೌಂಡಲ್ಲಿ ಹಾಕಬಹುದೋ? ಹಗಲಲ್ಲಿ ಎಷ್ಟು ಡೆಸಿಬೆಲ್, ಎಲ್ಲಿ ನಿಂತು ಅಳೀಬೇಕು? ಒಳಗೆ ಕೂತವರಿಗೆ ಕೇಳಬೇಕು, ಎದುರು ಮನೆಗೆ ಕೇಳಬಾರದು ಅಂದ್ರೆ ಮೈಕ್ ಸೆಟ್‌ನಲ್ಲಿ ಏನು ಬದಲಾಯಿಸಬೇಕು?
ಯಾರು ಮೊದಲು ಶುರು ಮಾಡಿದ್ರು ಅನ್ನೋ ಜಗಳ ದಯವಿಟ್ಟು ಇಲ್ಲಿ ಬೇಡ.

ರವಿಕಿರಣ77
ಕಮ್ಮಿ ಇಟ್ಕೊಂಡ್ರೆ ಯಾರೂ ಏನೂ ಅನ್ನಲ್ಲ ಸರ್. 45 ಡೆಸಿಬೆಲ್ ಒಳಗಿದ್ರೆ ರಾತ್ರಿನೂ ಓಕೆ.

ವಕೀಲ, ಧಾರವಾಡ
ಇಲ್ರೀ, ಅದು ತಪ್ಪು. 45 ಅನ್ನೋದು ವಸತಿ ಪ್ರದೇಶದ ರಾತ್ರಿಯ ಒಟ್ಟು ಶಬ್ದದ ಮಿತಿ. ಮೈಕಿನ ವಿಷಯ ಬೇರೆನೇ ಐತಿ. ಶಬ್ದ ಮಾಲಿನ್ಯ ನಿಯಮಗಳು, 2000, ಅದರೊಳಗ 5ನೇ ನಿಯಮ ತಗೀರಿ. ಮೊದಲನೇದು, ಹಗಲಾಗ್ಲಿ ರಾತ್ರಿಯಾಗ್ಲಿ, ಲಿಖಿತ ಅನುಮತಿ ಇಲ್ಲದ ಧ್ವನಿವರ್ಧಕ ಹಾಕುವಂಗಿಲ್ಲ. ಎರಡನೇದು, ರಾತ್ರಿ 10ರಿಂದ 6ರವರೆಗೆ ಹಾಕುವಂಗೇ ಇಲ್ಲ. ಸಭಾಂಗಣ, ಸಮುದಾಯ ಭವನದಂಥ ಮುಚ್ಚಿದ ಜಾಗದೊಳಗ ಅಲ್ಲಿದ್ದವರಿಗಷ್ಟೇ ಕೇಳಿಸೋದಕ್ಕ ಮತ್ತು ಸಾರ್ವಜನಿಕ ತುರ್ತು ಸಂದರ್ಭಕ್ಕ ಮಾತ್ರ ವಿನಾಯಿತಿ; ಹಬ್ಬಕ್ಕ ಸರ್ಕಾರ ಕೊಡಬಹುದಾದ ಸಡಿಲಿಕೆ ಒಂದು ಬ್ಯಾರೆ ಐತಿ. ಅಂದ್ರ ರಾತ್ರಿ ಹೊತ್ತು ಮೀಟರ್ ಹಿಡಕೊಂಡು ನಿಲ್ಲೋ ಕೆಲಸ ಇಲ್ಲ. ಬಯಲಿನ್ಯಾಗ ಮೈಕು ಹಚ್ಚಿದ್ದೇ ಉಲ್ಲಂಘನೆ, ಅದು 40 ಇರಲಿ 90 ಇರಲಿ.
2010ರ ತಿದ್ದುಪಡಿ ಆದ ಮ್ಯಾಲೆ ಬರೀ ಮೈಕ್ ಅಲ್ಲ, ಶಬ್ದ ಹೊರಡಿಸೋ ಸಾಧನ, ಸಂಗೀತ ವಾದ್ಯ ಸೈತ ಆ ರಾತ್ರಿ ನಿಷೇಧದೊಳಗ ಬರ್ತಾವು. "ನಮ್ಮದು ಮೈಕ್ ಅಲ್ಲ, ಬರೀ ತಮಟೆ" ಅಂತ ವಾದ ಮಾಡಾಕ ಬರಂಗಿಲ್ಲ.

ಶಬ್ದಮಾಪಕ
ವಕೀಲರು ಹೇಳಿದ್ದಕ್ಕೆ ಹಗಲಿನ ಅಂಕಿ ಸೇರಿಸ್ತೀನಿ. ಆ ನಿಯಮಗಳ ಅನುಸೂಚಿಯಲ್ಲಿ ನಾಲ್ಕು ವಲಯ ಇದೆ. ಹಗಲು/ರಾತ್ರಿ ಕ್ರಮದಲ್ಲಿ ಕೈಗಾರಿಕೆಗೆ 75/70, ವಾಣಿಜ್ಯಕ್ಕೆ 65/55, ವಸತಿಗೆ 55/45, ನಿಶ್ಶಬ್ದ ವಲಯಕ್ಕೆ 50/40. ಎಲ್ಲವೂ 'ಎ' ತೂಕದ (ಮನುಷ್ಯನ ಕಿವಿ ಕೇಳೋ ರೀತಿಗೆ ಹೊಂದಿಸಿದ) ಡೆಸಿಬೆಲ್, ಅದೂ ಆ ಅವಧಿಯ ಸರಾಸರಿ. ಹಗಲು ಅಂದ್ರೆ ಬೆಳಗ್ಗೆ 6ರಿಂದ ರಾತ್ರಿ 10.
ಮೈಕಿಗೆ ಇನ್ನೊಂದು ಲೆಕ್ಕ ಇದೆ. ಸಾರ್ವಜನಿಕ ಸ್ಥಳದ ಗಡಿಯಲ್ಲಿ ಆ ವಲಯದ ಮಿತಿಗಿಂತ 10 ಹೆಚ್ಚು ಅಥವಾ 75, ಎರಡರಲ್ಲಿ ಯಾವುದು ಕಡಿಮೆಯೋ ಅದು. ವಸತಿ ಪ್ರದೇಶದ ಹಗಲಿಗೆ 65. ಖಾಸಗಿ ಜಾಗದ ಸೌಂಡ್ ಸಿಸ್ಟಮ್‌ಗೆ ಗಡಿಯಲ್ಲಿ ಮಿತಿಗಿಂತ 5 ಹೆಚ್ಚು, ಅಂದ್ರೆ 60.
ಸಭೆಗೆ ಮುಂಚೆ ನಿಮ್ಮ ರಸ್ತೆ ಯಾವ ವಲಯ ಅಂತ ಲಿಖಿತವಾಗಿ ಕೇಳಿಟ್ಟುಕೊಳ್ಳಿ. ಕೆಳಗೆ ಅಂಗಡಿ, ಮೇಲೆ ಮನೆ ಇರೋ ರಸ್ತೆಗಳಲ್ಲಿ ಈ ಒಂದು ಪ್ರಶ್ನೆ ಮೇಲೇ ಇಡೀ ಸಭೆ ಮುರಿದುಬೀಳುತ್ತೆ.

ಸುಮಾ ಎಚ್
ಶಾಲೆ ಪಕ್ಕ ಇದ್ರೆ 100 ಮೀಟರ್ ತನಕ ತಾನಾಗೇ ನಿಶ್ಶಬ್ದ ವಲಯ ಅಲ್ವಾ?

ವಕೀಲ, ಧಾರವಾಡ
ಮೊದಲ ಹಂಗ ತಿಳ್ಕೊಂಡಿದ್ರು. 2017ರ ತಿದ್ದುಪಡಿ ಆದ ಮ್ಯಾಲೆ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿದ್ರಷ್ಟೇ ಅದು ನಿಶ್ಶಬ್ದ ವಲಯ. ಬೋರ್ಡ್ ನೋಡಿ ವಾದ ಮಾಡಬ್ಯಾಡ್ರಿ, ಅಧಿಸೂಚನೆ ನೋಡ್ರಿ.

ಇಮ್ರಾನ್_ಶಿವಾಜಿನಗರ
ಫಜ್ರ್, ಅಂದ್ರೆ ಬೆಳಗಿನ ಜಾವದ ನಮಾಜ್ ವಿಷಯ ಸ್ಪಷ್ಟ ಮಾಡ್ಬಿಡ್ತೀನಿ. ಬೆಂಗಳೂರಲ್ಲಿ ವರ್ಷದ ಯಾವ ತಿಂಗಳಾದ್ರೂ ಫಜ್ರ್ ಆಜಾನ್ 6 ಗಂಟೆಗೆ ಮುಂಚೇನೇ ಬರುತ್ತೆ. ಹಾಗಾಗಿ ಹೊರಗಿನ ಹಾರ್ನ್‌ನಲ್ಲಿ (ಕೊಳವೆ ಬಾಯಿಯ ಧ್ವನಿವರ್ಧಕ) ಫಜ್ರ್ ಕೊಡೋಕೆ ನಿಯಮದಲ್ಲಿ ಜಾಗ ಇಲ್ಲ. 2021ರ ಮಾರ್ಚ್‌ನಲ್ಲೇ ರಾಜ್ಯ ವಕ್ಫ್ ಮಂಡಳಿ 10ರಿಂದ 6ರವರೆಗೆ ಧ್ವನಿವರ್ಧಕ ಬೇಡ ಅಂತ ಸುತ್ತೋಲೆ ಹೊರಡಿಸಿತ್ತು. ಪಾಲಿಸೋ ಮಸೀದಿಗಳಲ್ಲಿ ಆಂಪ್ಲಿಫೈಯರ್‌ನ ಲೈನ್ ಎರಡು ಭಾಗ ಮಾಡ್ತಾರೆ. ಒಳಗಿನ ಬಾಕ್ಸ್ ಸ್ಪೀಕರ್‌ಗಳಿಗೆ ಒಂದು, ಹೊರಗಿನದಕ್ಕೆ ಇನ್ನೊಂದು. ಹೊರಗಿನ ಲೈನಿಗೆ ಟೈಮರ್ ಸ್ವಿಚ್ ಹಾಕಿದ್ರೆ 6ಕ್ಕೆ ಮುಂಚೆ ಅದಕ್ಕೆ ಸಿಗ್ನಲ್ಲೇ ಹೋಗಲ್ಲ, ಆಜಾನ್ ಕೂಗೋ ಮುಅಜ್ಜಿನ್ ಮರೆತರೂ ತೊಂದರೆ ಇಲ್ಲ. ಹೊತ್ತು ತಿಳಿಯೋಕೆ ಮೊಬೈಲ್ ಆ್ಯಪ್ ಎಲ್ಲರ ಹತ್ರನೂ ಇದೆ.
ರಂಜಾನ್‌ನಲ್ಲಿ ಸಹ್ರಿಗೆ (ಉಪವಾಸಕ್ಕೆ ಮುಂಚಿನ ಊಟ) ಎಬ್ಬಿಸೋ ಘೋಷಣೆಗೂ ಇದೇ ನಿಯಮ. ಅದು ಆಜಾನ್ ಅಲ್ಲ, ಆದ್ರೂ ಬೆಳಗಿನ ಜಾವ ನಾಲ್ಕಕ್ಕೆ ಮೈಕ್‌ನಲ್ಲಿ ಬರೋದ್ರಿಂದ ಹೆಚ್ಚು ದೂರು ಬರೋದು ಅದರ ಮೇಲೇನೆ.

ರವಿಕಿರಣ77
ಹಾಗಾದ್ರೆ ಆಜಾನ್‌ನ ಹೈಕೋರ್ಟೇ ನಿಲ್ಲಿಸಿದೆ ಅಂತಾಯ್ತು.

ವಕೀಲ, ಧಾರವಾಡ
ಇಲ್ಲ, ಇದನ್ನ ಸರಿಯಾಗಿ ಓದ್ರಿ. 2022ರ ಆಗಸ್ಟ್‌ನಾಗ ಕರ್ನಾಟಕ ಹೈಕೋರ್ಟ್ ಮುಂದ ಬಂದ ಅರ್ಜಿ ಆಜಾನ್‌ನೊಳಗಿನ ಮಾತುಗಳ ಮ್ಯಾಲೆ ಆಕ್ಷೇಪ ಎತ್ತಿತ್ತು. ಆ ಮಾತುಗಳಿಂದ ಬ್ಯಾರೆ ಧರ್ಮದವರ ಮೂಲಭೂತ ಹಕ್ಕಿಗೆ ಧಕ್ಕೆ ಆಗಂಗಿಲ್ಲ ಅಂತ ಕೋರ್ಟ್ ಹೇಳ್ತು, ಜೊತೆಗೇ ಧ್ವನಿವರ್ಧಕದ ನಿಯಮ ಜಾರಿ ಮಾಡ್ರಿ ಅಂತನೂ ಹೇಳ್ತು. ಪ್ರಾರ್ಥನೆ ಬ್ಯಾರೆ, ಮೈಕು ಬ್ಯಾರೆ. 2020ರಾಗ ಅಲಹಾಬಾದ್ ಹೈಕೋರ್ಟ್ ಹೇಳಿದ್ದೂ ಅದೇ: ಬಾಯಿಂದ ಕೂಗೋ ಆಜಾನ್‌ಗೆ ಅಡ್ಡಿ ಇಲ್ಲ, ಮೈಕ್ ಮಾತ್ರ ಧರ್ಮದ ಭಾಗ ಅಲ್ಲ.
ಇದು ಒಂದೇ ಧರ್ಮದ ಮಾತಲ್ರೀ. ಇದಕ್ಕೆಲ್ಲ ತಾಯಿಬೇರಿನಂಥ ತೀರ್ಪು 2000ದ ಆಗಸ್ಟ್‌ನದು, ಸುಪ್ರೀಂ ಕೋರ್ಟ್ ಕೊಟ್ಟದ್ದು. ಅದು ಚೆನ್ನೈನ ಒಂದು ಚರ್ಚ್‌ನ ಡ್ರಮ್ಮು, ಮೈಕಿನ ಮ್ಯಾಲೆ ನೆರೆಮನೆಯವರು ಹೂಡಿದ ದಾವೆ. ಬ್ಯಾರೆಯವರ ನೆಮ್ಮದಿ ಕೆಡಿಸಿ ಪ್ರಾರ್ಥನೆ ಮಾಡ್ರಿ ಅಂತ ಯಾವ ಧರ್ಮವೂ ಹೇಳಂಗಿಲ್ಲ ಅನ್ನೋ ಮಾತು ಬಂದದ್ದು ಅಲ್ಲಿಂದ. ಆಮ್ಯಾಲೆ 2005ರ ಜುಲೈ 18ರ ತೀರ್ಪು ರಾತ್ರಿ ನಿಷೇಧವನ್ನ ಇನ್ನೂ ಗಟ್ಟಿ ಮಾಡ್ತು.

ಅರ್ಚಕ, ಮೈಸೂರು
ಧನುರ್ಮಾಸದಲ್ಲಿ ಪೂಜೆ ಬೆಳಗಿನ ಜಾವವೇ ಆಗಬೇಕು, ಅದು ಶಾಸ್ತ್ರ. ಆದರೆ ಆ ಹೊತ್ತಿಗೆ ಧ್ವನಿವರ್ಧಕ ಇರಬೇಕೆಂದು ಯಾವ ಆಗಮದಲ್ಲೂ ಇಲ್ಲ. ಗರ್ಭಗುಡಿ, ನವರಂಗದೊಳಗೆ ಮಂತ್ರ ಬಾಯಲ್ಲೇ ಕೇಳುತ್ತದೆ. ನಿಜವಾದ ತೊಂದರೆ ಇರುವುದು ಈಗ ಎಲ್ಲ ಗುಡಿಗಳಿಗೂ ಬಂದಿರುವ ವಿದ್ಯುತ್ ನಗಾರಿ-ಘಂಟೆ ಯಂತ್ರದಲ್ಲಿ. ಕೈಯಲ್ಲಿ ಬಾರಿಸುವವನಿಗೆ ತೋಳು ನೋಯುತ್ತದೆ, ನಿಲ್ಲಿಸುತ್ತಾನೆ. ಯಂತ್ರಕ್ಕೆ ಅದಿಲ್ಲ. ಇದಕ್ಕೆ ಏನು ಮಾಡಬಹುದು, ತಿಳಿದವರು ಹೇಳಿ.

ಸೌಂಡ್ ಸರ್ವಿಸ್, ತುಮಕೂರು
ಸ್ವಾಮಿಗಳೇ, ನಗಾರಿ ಯಂತ್ರಕ್ಕೆ ನಾಲ್ಕು ಕೆಲಸ ಮಾಡಿಸಿ. ಬಡಿಯೋ ಕೋಲಿನ ತುದಿಗೆ ದಪ್ಪ ರಬ್ಬರ್ ಅಥವಾ ಚರ್ಮದ ತುಂಡು ಕಟ್ಟಿಸಿ. ಕಬ್ಬಿಣ ಕಬ್ಬಿಣಕ್ಕೆ ತಾಗೋ ಚೂಪು ಸದ್ದು ಹೋಗುತ್ತೆ, ನಾದ ಉಳಿಯುತ್ತೆ. ಯಂತ್ರವನ್ನ ಬಾಗಿಲ ಪಕ್ಕದಿಂದ ತೆಗೆದು ಒಳಗಿನ ಮೂಲೆಗೆ ಇಡಿಸಿ. ಕಾಲಿನ ಕೆಳಗೆ ರಬ್ಬರ್ ಹಾಸಿ, ಇಲ್ಲದಿದ್ರೆ ನೆಲವೇ ನಡುಗಿ ಪಕ್ಕದ ಗೋಡೆಗೆ ಸದ್ದು ದಾಟುತ್ತೆ. ಮಂಗಳಾರತಿಗೆ ಬೇಕಾದ ಎರಡು ಮೂರು ನಿಮಿಷಕ್ಕೆ ತಾನೇ ನಿಲ್ಲೋ ಹಾಗೆ ಟೈಮರ್ ಹಾಕಿಸಿ. ಕೆಲವು ಕಡೆ ಯಂತ್ರದ ಮುಂದೇನೇ ಮೈಕ್ ಇಟ್ಟಿರ್ತಾರೆ. ಅದನ್ನ ಮೊದಲು ತೆಗೀಬೇಕು, ಆ ಯಂತ್ರಕ್ಕೆ ಮೈಕು ಖಂಡಿತ ಬೇಡ.
ಈಗ ಕಾರ್ಯದರ್ಶಿಗಳ ಮೂರನೇ ಪ್ರಶ್ನೆ. ಎಲ್ಲದಕ್ಕೂ ಮೂಲ ಆ ಗೋಪುರ, ಮಿನಾರು, ಚರ್ಚ್ ತುದಿಯ ಮೇಲಿರೋ ಹಾರ್ನ್. ಲೆಕ್ಕ ನೋಡಿ. ಒಂದು ಸಾಧಾರಣ ಹಾರ್ನ್ 1 ವ್ಯಾಟ್ ಕೊಟ್ರೆ 1 ಮೀಟರ್ ದೂರದಲ್ಲಿ ಸುಮಾರು 108 ಡೆಸಿಬೆಲ್ ಕೊಡುತ್ತೆ. 30 ವ್ಯಾಟ್ ಕೊಟ್ರೆ ಅದಕ್ಕೆ 15 ಸೇರಿ 123. ದೂರ ಎರಡರಷ್ಟಾದ ಹಾಗೆ 6 ಇಳಿಯುತ್ತೆ, ಹಾಗಾಗಿ 100 ಮೀಟರ್ ದೂರದಲ್ಲೂ 83 ಉಳಿದಿರುತ್ತೆ. ವಸತಿ ಪ್ರದೇಶಕ್ಕೆ ಗಡಿಯಲ್ಲೇ 65 ಇರಬೇಕು. ಎಲ್ಲಿಗೆಲ್ಲಿ!
"ವಾಲ್ಯೂಮ್ ಅರ್ಧ ಮಾಡಿದೀವಿ" ಅಂತಾರೆ. ವ್ಯಾಟ್ ಅರ್ಧ ಆದ್ರೆ ಇಳಿಯೋದು 3 ಡೆಸಿಬೆಲ್, ಕಿವಿಗೆ ಸರಿಯಾಗಿ ಗೊತ್ತೂ ಆಗಲ್ಲ. ಹಾರ್ನ್ ಹಿಂದಿನ ಟ್ರಾನ್ಸ್‌ಫಾರ್ಮರ್ ಟ್ಯಾಪನ್ನ (ವ್ಯಾಟ್ ಆಯ್ಕೆ) 30 ವ್ಯಾಟ್‌ನಿಂದ ಏಳೂವರೆ ವ್ಯಾಟ್‌ಗೆ ಇಳಿಸಿದ್ರೂ ಇಳಿಯೋದು 6 ಡೆಸಿಬೆಲ್ ಅಷ್ಟೇ. ಕೇಳೋನಿಗೆ ಅರ್ಧ ಅನ್ನಿಸಬೇಕಾದ್ರೆ 10 ಇಳೀಬೇಕು, ಅಂದ್ರೆ ವ್ಯಾಟ್ ಹತ್ತನೇ ಒಂದು ಭಾಗಕ್ಕೆ ಬರಬೇಕು.

ಶಬ್ದಮಾಪಕ
ಇದಕ್ಕೆ ಒಂದು ಮುಖ್ಯ ಸೇರ್ಪಡೆ. ಎತ್ತರದ ಹಾರ್ನ್‌ನ ಸದ್ದು ಗಡಿ ಗೋಡೆ ಪಕ್ಕ ನಿಂತವನ ತಲೆ ಮೇಲೆ ಹಾದು, ಎದುರು ಕಟ್ಟಡದ ಮೂರನೇ ಮಹಡಿ ಬಾಲ್ಕನಿಗೆ ನೇರವಾಗಿ ಬಡಿಯುತ್ತೆ. ಗೋಡೆ ಹತ್ರ ಅಳೆದವರು "ಎಲ್ಲ ಸರಿ ಇದೆ" ಅಂತ ಹೋಗ್ತಾರೆ, ಮೇಲಿನ ಮನೆಯವರು ಸುಳ್ಳು ಹೇಳ್ತಿದಾರೆ ಅಂತಾಗುತ್ತೆ. ಗಡಿಯ ಜೊತೆ ಆ ಬಾಲ್ಕನಿಯಲ್ಲೂ ಅಳೀರಿ.

ಸುಮಾ ಎಚ್
ಫೋನ್ ಆ್ಯಪ್‌ನಲ್ಲಿ ಅಳೆದ್ರೆ ನಡೆಯುತ್ತಾ?

ಶಬ್ದಮಾಪಕ
ಪುರಾವೆಗೆ ನಡೆಯಲ್ಲ. ಫೋನಿನ ಮೈಕ್ ಮಾತಿಗಾಗಿ ಮಾಡಿದ್ದು. ಜೋರು ಸದ್ದನ್ನ ತಾನೇ ತಗ್ಗಿಸುತ್ತೆ, ಒಂದೊಂದು ಫೋನ್ ಒಂದೊಂದು ಅಂಕಿ ತೋರಿಸುತ್ತೆ. ಒಂದೇ ಫೋನು, ಒಂದೇ ಜಾಗ ಇಟ್ಟುಕೊಂಡು "ಮೊದಲಿಗಿಂತ ಇಳೀತಾ" ಅಂತ ನೋಡೋಕೆ ಸಾಕು.
ಸರಿಯಾಗಿ ಅಳೆಯೋಕೆ 'ಕ್ಲಾಸ್ 2' ನಿಖರತೆಯ ಶಬ್ದ ಮೀಟರ್ ಬಾಡಿಗೆಗೆ ತನ್ನಿ. ಶುರು ಮಾಡೋ ಮುಂಚೆ 94 ಡೆಸಿಬೆಲ್ ಕ್ಯಾಲಿಬ್ರೇಟರ್ ಹಾಕಿ ಸರಿ ಇದೆಯಾ ನೋಡಿ, ಮುಗಿದ ಮೇಲೂ ಒಮ್ಮೆ ನೋಡಿ. 'ಎ' ತೂಕಕ್ಕೆ ಇಡಿ. ಮೈಕ್ ತುದಿಗೆ ಸ್ಪಂಜಿನ ಟೋಪಿ ಇರಲಿ, ಇಲ್ಲದಿದ್ರೆ ಗಾಳಿಯನ್ನೇ ಅಳೀತೀರ. ನೆಲದಿಂದ 1.2ರಿಂದ 1.5 ಮೀಟರ್ ಎತ್ತರ, ಗೋಡೆಯಿಂದ ಸಾಧ್ಯವಾದರೆ ಮೂರೂವರೆ ಮೀಟರ್ ದೂರ. ಗೋಡೆ ಹತ್ರ ನಿಂತ್ರೆ ಪ್ರತಿಫಲನ ಸೇರಿ 3ರಷ್ಟು ಹೆಚ್ಚು ತೋರಿಸುತ್ತೆ.
ಎಲ್ಲರೂ ಬಿಟ್ಟುಬಿಡೋ ಹೆಜ್ಜೆ ಒಂದಿದೆ: ಮೈಕ್ ಬಂದ್ ಇರುವಾಗ ಅದೇ ಜಾಗದಲ್ಲಿ ಹತ್ತು ನಿಮಿಷ ಅಳೀರಿ. ಮುಖ್ಯರಸ್ತೆ ಪಕ್ಕ ಬಸ್ಸು, ಆಟೋ ಸದ್ದೇ 68 ಇದ್ದರೆ, ಮೈಕ್ ಹಾಕಿದಾಗ ಬಂದ 71ನ್ನ ಪೂರ್ತಿ ಮೈಕಿನ ಲೆಕ್ಕಕ್ಕೆ ಹಾಕೋದು ನ್ಯಾಯ ಅಲ್ಲ. ವ್ಯತ್ಯಾಸ 3 ಇದ್ರೆ ಮೈಕಿನ ಪಾಲೂ ಸುಮಾರು 68. ವ್ಯತ್ಯಾಸ 10 ದಾಟಿದ್ರೆ ಬಂದ ಅಂಕಿಯೆಲ್ಲ ಮೈಕಿನದೇ ಅಂತ ಧೈರ್ಯವಾಗಿ ಹೇಳಬಹುದು.

ಮಧು ಕೆ, ದಾವಣಗೆರೆ
ಗಣೇಶನ ಡಿಜೆಗೆ ಮನೆ ಕಿಟಕಿ ಗಡಗಡ ಅಂತ ಅದುರುತ್ತೆ, ಮೀಟರ್ ನೋಡಿದ್ರೆ 75 ಅಂತಿರುತ್ತೆ. ಮೀಟರ್ ಕೆಟ್ಟಿದೆಯಾ?

ಶಬ್ದಮಾಪಕ
ಕೆಟ್ಟಿಲ್ಲ. ನಮ್ಮ ನಿಯಮ 'ಎ' ತೂಕದಲ್ಲಿ ಬರೆದಿರೋದ್ರಿಂದ ಹೀಗಾಗುತ್ತೆ. 'ಎ' ತೂಕ ಕೆಳಗಿನ ಬೇಸ್ ಸದ್ದನ್ನ ಭಾರೀ ಕಡಿತ ಮಾಡುತ್ತೆ: 63 ಹರ್ಟ್ಸ್‌ಗೆ 26 ಡೆಸಿಬೆಲ್, 50 ಹರ್ಟ್ಸ್‌ಗೆ 30. ಬೇಸ್ ಸದ್ದಿನ ದೊಡ್ಡ ಸ್ಪೀಕರ್ ಆದ ಸಬ್‌ವೂಫರ್‌ನಿಂದ 63 ಹರ್ಟ್ಸ್‌ನಲ್ಲಿ 100 ಡೆಸಿಬೆಲ್ ಬರ್ತಿದ್ರೂ ಮೀಟರ್ 74 ತೋರಿಸುತ್ತೆ. ಅದೇ ಮೀಟರನ್ನ ಬೇಸನ್ನ ಅಷ್ಟಾಗಿ ಕಡಿತ ಮಾಡದ 'ಸಿ' ತೂಕಕ್ಕೆ ಹಾಕಿ ನೋಡಿ. 'ಸಿ' ಮತ್ತು 'ಎ' ನಡುವೆ 15–20 ಅಂತರ ಇದ್ದರೆ ತೊಂದರೆ ಬೇಸ್‌ನದು. ಬೇಸ್‌ಗೆ ಗೋಡೆ, ಕಿಟಕಿ ಅಡ್ಡ ಆಗಲ್ಲ, ಮುದುಕರ ಎದೆಗೂ ತೊಟ್ಟಿಲಿಗೂ ನೇರ ತಾಗುತ್ತೆ. ನನ್ನ ಮಟ್ಟಿಗೆ ಈ ನಿಯಮದ ದೊಡ್ಡ ಕೊರತೆ ಇದೇ. ಕೂಗುವ ಹಾರ್ನ್ ಹಿಡೀತೀವಿ, ಕಟ್ಟಡ ಅಲ್ಲಾಡಿಸೋ ಡಿಜೆಯನ್ನ ಅರ್ಧಕ್ಕೇ ಬಿಡ್ತೀವಿ. ಮೆರವಣಿಗೆ ಅನುಮತಿ ಪತ್ರದಲ್ಲಿ ಸಬ್‌ವೂಫರ್ ಎಷ್ಟು ಅಂತ ಸಂಖ್ಯೆಯಲ್ಲೇ ಬರೆಸಿಕೊಳ್ಳೋದೊಂದೇ ಸದ್ಯಕ್ಕೆ ಇರೋ ದಾರಿ.

ಕರಾವಳಿ ಕಲಾಭಿಮಾನಿ
ನೀವೆಲ್ಲ ಡಿಜೆ, ಹಾರ್ನ್ ಅಂತ ಮಾತಾಡ್ತಿದ್ದೀರಿ, ನಮ್ಮಲ್ಲಿ ಪೆಟ್ಟು ಬಿದ್ದದ್ದು ಯಕ್ಷಗಾನಕ್ಕೆ ಮಾರಾಯ್ರೆ. ಇರುಳಿಡೀ ಆಗುವ ಬಯಲಾಟ, ಅದೂ ಹರಕೆಯ ಸೇವೆ. 2022ರಲ್ಲಿ ಕಟೀಲು ಮೇಳವೇ ಕಾಲಮಿತಿಗೆ ಬಂತು. ಡಿಜೆಗೂ ಭಾಗವತರ ಪದಕ್ಕೂ ಒಂದೇ ಅಳತೆಗೋಲು ಸರಿಯಾ?

ವಕೀಲ, ಧಾರವಾಡ
ಸಂಕಟ ಖರೇ ಐತ್ರಿ. ಆದ್ರ ನಿಯಮದೊಳಗ ಇರೋ ಸಡಿಲಿಕೆ ಒಂದೇ. ಧಾರ್ಮಿಕ, ಸಾಂಸ್ಕೃತಿಕ ಹಬ್ಬಕ್ಕ ರಾಜ್ಯ ಸರ್ಕಾರ ವರ್ಷಕ್ಕ ಒಟ್ಟು 15 ದಿನ ಮೀರದಂಗ ರಾತ್ರಿ 10ರಿಂದ 12ರವರೆಗೆ ಅವಕಾಶ ಕೊಡಬಹುದು. ಸಮಿತಿಗೊಂದು 15 ದಿನ ಅಲ್ಲ. ಯಾವ ದಿನ ಅನ್ನೋದನ್ನ ಮುಂಚಿತವಾಗಿ ಗೊತ್ತು ಮಾಡಬೇಕು. 12 ದಾಟಿದ ಮ್ಯಾಲೆ ಈ ಸಡಿಲಿಕೆ ಇಲ್ಲ.

ಕರಾವಳಿ ಕಲಾಭಿಮಾನಿ
ಮೈಕ್ ತೆಗೆದು ಬರೀ ಚೆಂಡೆ ಮದ್ದಳೆಯಲ್ಲಿ ಆಡಿದರೂ 2010ರ ತಿದ್ದುಪಡಿ ಬಿಡುವುದಿಲ್ಲ ಅಂತ ನೀವೇ ಮೇಲೆ ಹೇಳಿದ್ರಿ. ಅದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಮೈಕ್ ಬರುವ ಮೊದಲೂ ಇರುಳಿಡೀ ಆಟ ಆಗ್ತಿತ್ತು. ಗದ್ದೆಯ ನಡುವಿನ ಚೆಂಡೆಗೂ ಫ್ಲ್ಯಾಟುಗಳ ನಡುವಿನ ಸಬ್‌ವೂಫರಿಗೂ ಕಾನೂನು ವ್ಯತ್ಯಾಸ ಮಾಡಬೇಕು.

ಇಮ್ರಾನ್_ಶಿವಾಜಿನಗರ
ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ನಗರದ ನಿಯಮವನ್ನ ಹಾಗೇ ಬಯಲಿಗೆ ತಗೊಂಡು ಹೋಗಬಾರದು.

ಶ್ರೀಧರ, ಜರ್ಮನಿ
ಹೋಲಿಕೆಗೆ ಬೇಕಾದರೆ: ಕಲೋನ್ ನಗರ 2021ರಲ್ಲಿ ಆಜಾನ್‌ಗೆ ಪ್ರಾಯೋಗಿಕ ಅನುಮತಿ ಕೊಟ್ಟಾಗ ಹಾಕಿದ ಷರತ್ತು ಇವು. ಶುಕ್ರವಾರ ಮಧ್ಯಾಹ್ನ ಮಾತ್ರ, ಗರಿಷ್ಠ 5 ನಿಮಿಷ, ಮಸೀದಿ ಇರುವ ಜಾಗ ನೋಡಿ ಶಬ್ದದ ಮಿತಿ, ನೆರೆಯವರಿಗೆ ಮುಂಚೆಯೇ ಕರಪತ್ರ, ದೂರು ಕೇಳಲು ಮಸೀದಿಯಿಂದ ಒಬ್ಬ ವ್ಯಕ್ತಿ. ಕೊನೆಯ ಎರಡು ನಮ್ಮ ಊರಲ್ಲೂ ನಾಳೆಯೇ ಮಾಡಬಹುದು, ಯಾವ ಕಾನೂನೂ ಬೇಕಿಲ್ಲ.

ಮಧು ಕೆ, ದಾವಣಗೆರೆ
ದೂರು ಯಾರಿಗೆ ಕೊಡ್ಬೇಕು? ಠಾಣೆಗೆ ಹೋದ್ರೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗಿ ಅಂತಾರೆ, ಮಂಡಳಿಯವ್ರು ಠಾಣೆಗೆ ಹೋಗಿ ಅಂತಾರೆ. 5 ವರ್ಷ ಜೈಲು ಅಂತ ಬೇರೆ ಹೇಳ್ತಾರೆ.

ವಕೀಲ, ಧಾರವಾಡ
ಜೈಲಿನ ಮಾತು ಈಗ ಹಳೇದು. ಪರಿಸರ ಸಂರಕ್ಷಣಾ ಕಾಯ್ದೆಯ 15ನೇ ಕಲಂ ಬದಲಾಗೇತಿ. 2024ರ ಏಪ್ರಿಲ್ 1ರಿಂದ ಜೈಲಿನ ಬದಲು 10 ಸಾವಿರದಿಂದ 15 ಲಕ್ಷ ರೂಪಾಯಿ ತನಕ ದಂಡ.
ನಿಯಮದ ಪ್ರಕಾರ 'ಪ್ರಾಧಿಕಾರ' ಅಂದ್ರ ಜಿಲ್ಲಾಧಿಕಾರಿ, ಪೊಲೀಸ್ ಕಮಿಷನರ್, ಇಲ್ಲಾ ಡಿವೈಎಸ್ಪಿಗಿಂತ ಕೆಳಗಿಲ್ಲದ ಅಧಿಕಾರಿ. ನಮ್ಮ ರಾಜ್ಯದಾಗ 2022ರ ಮೇ ತಿಂಗಳ ಆದೇಶದಂತೆ ಕಮಿಷನರೇಟ್ ಇರೋ ಊರಾಗ ಎಸಿಪಿ, ಪಾಲಿಕೆ ಇಂಜಿನಿಯರ್, ಮಾಲಿನ್ಯ ನಿಯಂತ್ರಣ ಮಂಡಳಿ ಪ್ರತಿನಿಧಿ ಇರೋ ಸಮಿತಿ. ಉಳಿದ ಕಡೆ ಡಿವೈಎಸ್ಪಿ, ತಹಶೀಲ್ದಾರ್, ಮಂಡಳಿ ಪ್ರತಿನಿಧಿ. ಅನುಮತಿ ಅರ್ಜಿ ಹೋಗೋದು ಆ ಸಮಿತಿಗೆ.
ಆ ಕ್ಷಣಕ್ಕ ನಿಲ್ಲಬೇಕಂದ್ರ 112ಕ್ಕ ಕರೆ ಮಾಡ್ರಿ. ಪದೇ ಪದೇ ಆಗ್ತಿದ್ರ 7ನೇ ನಿಯಮದ ಅಡಿ ಲಿಖಿತ ದೂರು ಕೊಟ್ಟು ಸ್ವೀಕೃತಿ ತಗೋರಿ. ಹಗಲಿನ ದೂರಿಗೆ ಮಿತಿಗಿಂತ 10 ಡೆಸಿಬೆಲ್ ಅಥವಾ ಹೆಚ್ಚು ಇರಬೇಕು, ರಾತ್ರಿದಕ್ಕ ಆ ಲೆಕ್ಕ ಬೇಕಿಲ್ಲ. ದೂರಿನ್ಯಾಗ ತಾರೀಕು, ಶುರುವಾದ ಹೊತ್ತು, ಮುಗಿದ ಹೊತ್ತು, ಸ್ಪೀಕರ್ ಎಲ್ಲಿ ಐತಿ, ಇಷ್ಟೇ ಬರೀರಿ. ಧರ್ಮದ ಮಾತು ಒಂದಕ್ಷರ ಬಂದ್ರೂ ದೂರಿನ ದಾರಿ ಬ್ಯಾರೆ ಕಡೆ ಹೋಗ್ತದ.

ಬಡಾವಣೆ ಕಾರ್ಯದರ್ಶಿ, ಬೆಂಗಳೂರು
ಎಲ್ಲರಿಗೂ ಧನ್ಯವಾದ. ಲಿಮಿಟರ್ (ಸದ್ದು ಗೊತ್ತು ಮಾಡಿದ ಮಟ್ಟ ದಾಟದ ಹಾಗೆ ತಡೆಯೋ ಸಾಧನ) ಹಾಕಿದ್ರೆ ಸಾಕು ಅಂತ ಒಂದು ಸಮಿತಿ ಹೇಳ್ತಿದೆ. ಸಾಕಾ?

ಸೌಂಡ್ ಸರ್ವಿಸ್, ತುಮಕೂರು
ಎಲ್ಲಿ ಹಾಕ್ತಾರೆ ಅನ್ನೋದ್ರ ಮೇಲೆ. ಮಿಕ್ಸರ್‌ಗೂ ಪವರ್ ಆಂಪ್ಲಿಫೈಯರ್‌ಗೂ ನಡುವೆ ಹಾಕಿ, ಆಂಪ್ಲಿಫೈಯರ್ ಗುಂಡಿ ತೆರೆದೇ ಬಿಟ್ರೆ ಲಿಮಿಟರ್ ಇದ್ದೂ ಇಲ್ಲದ ಹಾಗೆ. ಮೊದಲು ಆಂಪ್ಲಿಫೈಯರ್ ಗುಂಡಿಯನ್ನ ಒಂದು ಜಾಗಕ್ಕೆ ನಿಲ್ಲಿಸಿ, ಗಡಿಯಲ್ಲಿ ಮೀಟರ್ ಹಿಡಿದವರು 65 ಅನ್ನೋ ತನಕ ಲಿಮಿಟರ್ ಹೊಂದಿಸಿ, ಆಮೇಲೆ ಎರಡಕ್ಕೂ ತಗಡಿನ ಮುಚ್ಚಳ, ಬೀಗ. ಬೀಗದ ಕೈ ಒಬ್ಬರ ಹತ್ರ ಇರಲಿ. ಹಬ್ಬಕ್ಕೆ ಹೊರಗಿನ ಸೆಟ್ ಬಂದ್ರೆ ಈ ಲಿಮಿಟರ್ ಅದಕ್ಕೆ ಲೆಕ್ಕಕ್ಕಿಲ್ಲ, ಅದನ್ನ ಬಾಡಿಗೆ ಕರಾರಲ್ಲೇ ಬರೀಬೇಕು.
ಆದ್ರೆ ಒಳ್ಳೇ ಕೆಲಸ ಅಂದ್ರೆ ಹಾರ್ನ್ ಇಳಿಸಿಬಿಡೋದು. ಒಂದು ಹಾರ್ನ್ ಬದಲು ನಾಲ್ಕೈದು ಸಣ್ಣ ಕಾಲಮ್ ಸ್ಪೀಕರ್, ಮೂರು ಮೀಟರ್ ಎತ್ತರಕ್ಕೆ, ಮುಖ ಅಂಗಳದ ಕಡೆ, ಸ್ವಲ್ಪ ಕೆಳಕ್ಕೆ ಬಾಗಿಸಿ. 1 ವ್ಯಾಟ್‌ಗೆ 92 ಡೆಸಿಬೆಲ್ ಕೊಡೋ ಸ್ಪೀಕರ್ 8 ಮೀಟರ್ ದೂರದಲ್ಲಿ ಕೂತವರಿಗೆ 74 ಮುಟ್ಟಿಸುತ್ತೆ. ಮಾತು ಕೇಳೋಕೆ ಅಷ್ಟು ಧಾರಾಳ. ಮೈಕನ್ನ ಬಾಯಿಗೆ ಹತ್ತು ಹನ್ನೆರಡು ಸೆಂಟಿಮೀಟರ್ ಹತ್ರ ಇಟ್ಕೊಂಡ್ರೆ ವಾಲ್ಯೂಮ್ ಏರಿಸೋ ಅಗತ್ಯವೇ ಬರಲ್ಲ, ಕೀ ಅನ್ನೋ ಕೂಗೂ ಹೋಗುತ್ತೆ.

ಜೋಸೆಫ್_ಹೆಬ್ಬಾಳ
ಚರ್ಚ್ ಹೊರಗೆ ಶಾಮಿಯಾನದಲ್ಲಿ ಇನ್ನೂರು ಜನ ಕೂರ್ತಾರೆ, ಅಲ್ಲಿಗೆ ಸಣ್ಣ ಸ್ಪೀಕರ್ ಹಾಕಿದ್ರೆ ಮಾತು ಎರಡೆರಡು ಸಲ ಕೇಳುತ್ತೆ ಅಂತ ಮತ್ತೆ ಹಾರ್ನೇ ಹಾಕ್ತಿದಾರೆ.

ಸೌಂಡ್ ಸರ್ವಿಸ್, ತುಮಕೂರು
ಡಿಲೇ, ಅಂದ್ರೆ ಹಿಂದಿನ ಸ್ಪೀಕರ್ ಸದ್ದನ್ನ ಸ್ವಲ್ಪ ತಡವಾಗಿ ಬಿಡೋ ವ್ಯವಸ್ಥೆ ಹಾಕಿಲ್ಲ, ಅದಕ್ಕೇ. ಮುಂದಿನ ಸ್ಪೀಕರ್ ಸದ್ದು ಗಾಳಿಯಲ್ಲಿ ಬರೋ ಹೊತ್ತಿಗೆ ಹಿಂದಿನದು ವೈರ್‌ನಲ್ಲಿ ಮುಂಚೆಯೇ ಮಾತಾಡಿ ಮುಗಿಸಿರುತ್ತೆ. ಮೀಟರಿಗೆ ಸುಮಾರು 3 ಮಿಲಿಸೆಕೆಂಡ್ ಲೆಕ್ಕ. ಹಿಂದಿನ ಸಾಲು 20 ಮೀಟರ್ ದೂರ ಇದ್ರೆ ಅಲ್ಲಿನ ಸ್ಪೀಕರ್‌ಗೆ 58, ಅದಕ್ಕೆ ಇನ್ನೊಂದು 10 ಸೇರಿಸಿ 68 ಇಡಿ. ಆಗ ಮಾತು ಪೀಠದ ಕಡೆಯಿಂದಲೇ ಬಂದ ಹಾಗೆ ಕೇಳುತ್ತೆ. ಈಗಿನ ಡಿಜಿಟಲ್ ಮಿಕ್ಸರ್‌ಗಳಲ್ಲಿ ಔಟ್‌ಪುಟ್ ಡಿಲೇ ಸಾಮಾನ್ಯವಾಗಿ ಇರುತ್ತೆ, ಇಲ್ಲದಿದ್ರೆ ಮಧ್ಯೆ ಒಂದು ಪ್ರೊಸೆಸರ್ ಹಾಕಿಸಿ. ಶಾಮಿಯಾನದ ಸ್ಪೀಕರ್‌ಗಳ ಬೆನ್ನು ರಸ್ತೆ ಕಡೆ ಇರಲಿ, ಮುಖ ಚರ್ಚ್ ಗೋಡೆ ಕಡೆ ಇರಲಿ.